ನೋಡುವವನ ಋಣ

ಪಿರಿಯಾಪಟ್ಟಣ ತಾಲೂಕಿನ ಕಣಗಾಲು ನಮ್ಮ ಕುಶಾಲನಗರಕ್ಕೆ ದೂರದ ಊರೇನಲ್ಲ. ಕಾವೇರಿಯ ಸೇತುವೆ ದಾಟಿ ಮೈಸೂರಿನ ದಾರಿ ಹಿಡಿದರೆ ಬೈಲುಕುಪ್ಪೆ, ಅದರಾಚೆ ಪಿರಿಯಾಪಟ್ಟಣದ ಸೀಮೆ. ಅಲ್ಲಿ ೧೯೩೩ರಲ್ಲಿ ಹುಟ್ಟಿದ ಪುಟ್ಟಣ್ಣನವರು ಮುಂದೆ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಕನ್ನಡ ನಾಡಿನಲ್ಲೆಲ್ಲ ಹಬ್ಬಿಸಿದರು. ಅವರ ‘ಶರಪಂಜರ’ ತೆರೆಗೆ ಬಂದದ್ದು ೧೯೭೧ರಲ್ಲಿ. ಅದರ ಒಂದು ಹಾಡು ಕೊಡಗಿನಲ್ಲಿ ಚಿತ್ರಿತವಾದದ್ದು; ನಾಯಕಿಯ ಹೆಸರೂ ನಮ್ಮ ಹೊಳೆಯ ಹೆಸರೇ. ಹೀಗಾಗಿ ಆ ಚಿತ್ರದ ಮೇಲೆ ನಮ್ಮ ಕಡೆಯವರಿಗೆ ಒಂದು ಬಗೆಯ ನೆಂಟಸ್ತನದ ಸಲುಗೆ. ಮದುವೆಯ ಮನೆಯಲ್ಲಿ ವಾಲಗದವರು ಆ ಹಾಡನ್ನು ಎತ್ತಿಕೊಂಡರೆ ಊಟಕ್ಕೆ ಕುಳಿತವರೂ ಎಲೆಯ ಮೇಲೆ ತಾಳ ಹಾಕುವುದುಂಟು.

ಈ ಸಲುಗೆಯಿಂದಲೇ ನಾನು ಹೋದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗೆ ಆ ಚಿತ್ರವನ್ನು ತೋರಿಸಿದೆ. ಕಾದಂಬರಿ ಹೇಗೆ ಚಲನಚಿತ್ರವಾಗುತ್ತದೆ ಎಂಬುದನ್ನು ತಿಳಿಸಿಕೊಡುವುದು ನೆಪ. ತ್ರಿವೇಣಿಯವರ ಕಾದಂಬರಿ ಅವರಲ್ಲಿ ಕೆಲವರು ಓದಿದ್ದರು. ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಗೋಡೆಯ ಮೇಲೆ ಚಿತ್ರ ಬೀಳಿಸಿದೆವು. ಕಥೆ ಓದುಗರಿಗೆ ಗೊತ್ತಿರುವುದೇ. ಕಾವೇರಿ ಸುಖವಾಗಿ ಸಂಸಾರ ಮಾಡಿಕೊಂಡಿದ್ದವಳು. ಹೆರಿಗೆಯ ತರುವಾಯ ಅವಳ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಬರುತ್ತಾಳೆ. ಆದರೆ ಗುಣವಾದಳೆಂದು ವೈದ್ಯರು ಹೇಳಿದರೂ ಮನೆಯವರೂ ಊರವರೂ ನಂಬುವುದಿಲ್ಲ. ಗಂಡನೂ ಕೈಬಿಡುತ್ತಾನೆ. ಬಾಣಗಳ ಆ ಪಂಜರದಲ್ಲಿ ಅವಳ ಬುದ್ಧಿ ಮತ್ತೆ ಒಡೆಯುತ್ತದೆ.

ಚಿತ್ರದಲ್ಲಿ ಕ್ಯಾಮೆರಾ ಒಮ್ಮೆಲೇ ಕಲ್ಪನಾ ಅವರ ಮುಖಕ್ಕೆ ನುಗ್ಗಿ, ವಾದ್ಯಗಳು ಒಟ್ಟಿಗೆ ಅಬ್ಬರಿಸಿದಾಗ ಹಿಂದಿನ ಸಾಲಿನ ಹುಡುಗರು ನಕ್ಕರು. ಅದು ದುಷ್ಟತನದ ನಗೆಯಲ್ಲ. ಹಳೆಯ ತಂತ್ರ ಹೊಸಬರಿಗೆ ನಗೆ ತರಿಸುವುದು ಲೋಕರೂಢಿ. ನಾನು ಅವರನ್ನು ಗದರಿಸಲು ತಿರುಗಿದಾಗ ಕಂಡದ್ದು ಬೇರೆ. ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ ತಲೆ ತಗ್ಗಿಸಿ ತನ್ನ ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು. ಆಕೆ ನಗಲೂ ಇಲ್ಲ, ಅಳಲೂ ಇಲ್ಲ. ಚಿತ್ರ ಮುಗಿದು ಎಲ್ಲರೂ ಹೋದ ಮೇಲೆ ಬಳಿಗೆ ಬಂದಳು.

“ಸರ್, ಒಂದು ಮಾತು ಹೇಳ್ಲಾ?”

“ಹೇಳಮ್ಮ.”

“ನಮ್ಮಮ್ಮ ಹಾಗೆ ಕೂಗಾಡಲ್ಲ ಸರ್. ಆಸ್ಪತ್ರೆಯಲ್ಲಿ ಎರಡು ತಿಂಗಳು ಇದ್ದು ಬಂದಿದ್ದಾರೆ. ಸುಮ್ನೆ ಕೂತಿರ್ತಾರೆ.”

ನನಗೆ ಉತ್ತರ ಹೊಳೆಯಲಿಲ್ಲ. ಹೋಗುವ ಮುನ್ನ ಆಕೆ ಇನ್ನೊಂದು ಮಾತು ಹೇಳಿದಳು. ಅದನ್ನು ಆಮೇಲೆ ಹೇಳುತ್ತೇನೆ. ಆಕೆಯ ಒಪ್ಪಿಗೆ ಪಡೆದೇ ಇಷ್ಟನ್ನು ಬರೆಯುತ್ತಿದ್ದೇನೆ. ಆ ಸಂಜೆಯಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಇನ್ನೊಬ್ಬರ ಮನಸ್ಸಿನ ಒಳಗನ್ನು ತೆರೆಯ ಮೇಲೆ ಬಿಚ್ಚಿ ತೋರಿಸುವ ತಂತ್ರಗಳಿವೆಯಲ್ಲ, ಅವು ನೋಡುವವನನ್ನು ನೊಂದವರ ಹತ್ತಿರಕ್ಕೆ ಕರೆದೊಯ್ಯುತ್ತವೆಯೋ, ಅಥವಾ ಹತ್ತಿರ ಹೋದೆನೆಂಬ ಭ್ರಮೆಯನ್ನು ಕೊಟ್ಟು ಮನೆಗೆ ಕಳಿಸಿಬಿಡುತ್ತವೆಯೋ?

ಈ ತಂತ್ರಗಳ ವಂಶಾವಳಿಯನ್ನು ಸ್ವಲ್ಪ ನೋಡಬೇಕು. ೧೯೨೦ರಲ್ಲಿ ಜರ್ಮನಿಯಲ್ಲಿ ‘ಡಾಕ್ಟರ್ ಕ್ಯಾಲಿಗರಿಯ ಮಂದಿರ’ ಎಂಬ ಮೂಕಚಿತ್ರ ಬಂತು. ಅದರಲ್ಲಿ ಮನೆಗಳ ಗೋಡೆ ನೆಟ್ಟಗಿಲ್ಲ, ಕಿಟಕಿ ಚೌಕವಾಗಿಲ್ಲ, ನೆರಳುಗಳನ್ನು ಕೂಡ ಬಣ್ಣದಿಂದ ಬರೆದಿದ್ದಾರೆ. ಲೋಕವೇ ಸೊಟ್ಟಗಾಗಿದೆ. ಕಡೆಗೆ ತಿಳಿಯುವುದೇನೆಂದರೆ, ಕಥೆ ಹೇಳುತ್ತಿದ್ದವನೇ ಹುಚ್ಚಾಸ್ಪತ್ರೆಯ ರೋಗಿ. ಒಬ್ಬನ ಮನೋವ್ಯಥೆಯನ್ನು ಹೊರಗಿನ ವಸ್ತುಗಳ ಆಕಾರದಲ್ಲಿ ತೋರಿಸುವ ಈ ಮಾರ್ಗ ಆಗ ತೀರ ಹೊಸದು. ಇಂದಿಗೂ ಅದರ ಮಕ್ಕಳು ಮೊಮ್ಮಕ್ಕಳು ಬದುಕಿದ್ದಾರೆ. ಆದರೆ ಆ ಮುಕ್ತಾಯದಲ್ಲಿ ಒಂದು ಜಾಣತನವಿದೆ. ಸೊಟ್ಟಗಿರುವುದು ಲೋಕವಲ್ಲ, ಹೇಳಿದವನ ತಲೆ ಎಂದು ಗೊತ್ತಾದ ಕೂಡಲೇ ನಮಗೆ ಸಮಾಧಾನವಾಗುತ್ತದೆ. ನಮ್ಮ ಮನೆಯ ಗೋಡೆ ನೆಟ್ಟಗೇ ಇದೆ ಎಂಬ ಧೈರ್ಯದಿಂದ ಎದ್ದು ಬರುತ್ತೇವೆ.

ಪ್ರಯೋಗಶೀಲರ ಮನೆಯಲ್ಲಿ ಹುಟ್ಟಿದ ತಂತ್ರ ಬಹುಕಾಲ ಅಲ್ಲೇ ಉಳಿಯುವುದಿಲ್ಲ, ಪೇಟೆಗೆ ಬರುತ್ತದೆ. ಸಾಲ್ವಡಾರ್ ಡಾಲಿ ೧೯೨೯ರಲ್ಲಿ ಬುನ್ಯುಯೆಲ್ ಜೊತೆ ಸೇರಿ ಕಥೆಯೇ ಇಲ್ಲದ ಸ್ವಪ್ನದಂಥ ಕಿರುಚಿತ್ರವೊಂದನ್ನು ಮಾಡಿದ. ಹದಿನಾರು ವರ್ಷಗಳ ಬಳಿಕ, ೧೯೪೫ರಲ್ಲಿ, ಅದೇ ಡಾಲಿಯಿಂದ ಹಿಚ್‌ಕಾಕ್ ತನ್ನ ‘ಸ್ಪೆಲ್‌ಬೌಂಡ್’ ಚಿತ್ರದ ಕನಸಿನ ದೃಶ್ಯಕ್ಕೆ ವಿನ್ಯಾಸ ಬರೆಸಿಕೊಂಡ. ಪ್ಯಾರಿಸಿನ ಕೆಲವರಷ್ಟೇ ನೋಡಿದ್ದ ಚಮತ್ಕಾರ ಹಾಲಿವುಡ್ಡಿನ ಪತ್ತೇದಾರಿ ಪ್ರೇಮಕಥೆಯ ನಡುವೆ ಕುಳಿತಿತು. ಇದರಲ್ಲಿ ಗೊಣಗುವಂಥದ್ದೇನಿಲ್ಲ. ಪಂಡಿತರ ಛಂದಸ್ಸು ಹಳ್ಳಿಯ ಗಮಕಿಯ ಬಾಯಿಗೆ ಬರುವುದೂ, ಹಳ್ಳಿಯ ಮಟ್ಟು ಪಂಡಿತರ ಕಾವ್ಯಕ್ಕೆ ಹೋಗುವುದೂ ನಮ್ಮಲ್ಲಿ ಹಿಂದಿನಿಂದ ನಡೆದೇ ಇದೆ. ನಾಟಕದ ಭ್ರಮೆಯನ್ನು ಒಡೆಯುವುದು ಯೂರೋಪಿನ ಶೋಧವೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಯಕ್ಷಗಾನದ ಭಾಗವತರು ರಂಗದ ಮೇಲೆಯೇ ಎಲ್ಲರಿಗೂ ಕಾಣುವಂತೆ ಕುಳಿತು, ತಾಳ ಹಿಡಿದು, ವೇಷಧಾರಿಯನ್ನು ಮಾತಾಡಿಸುವುದು ಎಂದಿನಿಂದ ಇದೆಯೋ!

ನಮ್ಮ ದೇಶದಲ್ಲಿ ಋತ್ವಿಕ್ ಘಟಕ್ ೧೯೬೦ರಲ್ಲಿ ‘ಮೇಘೇ ಢಾಕಾ ತಾರಾ’ ಎಂಬ ಬಂಗಾಳಿ ಚಿತ್ರ ಮಾಡಿದರು. ಮನೆಯವರಿಗಾಗಿ ದುಡಿದು ಸವೆಯುವ ಒಬ್ಬ ಹೆಣ್ಣುಮಗಳ ಕಥೆ. ಅವಳಿಗೆ ದ್ರೋಹವಾದದ್ದು ಅರಿವಾಗುವ ಗಳಿಗೆಯಲ್ಲಿ ಚಾಟಿ ಬೀಸಿದ ಸದ್ದು ಕೇಳಿಸುತ್ತದೆ. ತೆರೆಯ ಮೇಲೆ ಚಾಟಿಯಿಲ್ಲ, ಬೀಸುವವನೂ ಇಲ್ಲ. ಚಿತ್ರದೊಳಗಿನ ಯಾರಿಗೂ ಕೇಳಿಸದ ಆ ಸದ್ದು ಕೇಳಿಸುವುದು ನಮಗೆ ಮಾತ್ರ. ಕಥೆ ಹೇಳುವ ಸಾಧಾರಣ ಚಿತ್ರದೊಳಗೆ ಇಂಥ ಅಸಾಧಾರಣ ಉಪಾಯವನ್ನು ಇಡಬಹುದೆಂದು ತೋರಿಸಿದವರಲ್ಲಿ ಘಟಕ್ ದೊಡ್ಡವರು.

ಕನ್ನಡದಲ್ಲಿ ‘ಸಂಸ್ಕಾರ’ದಿಂದ ಹೊಸ ಅಲೆ ಆರಂಭವಾಯಿತೆಂದು ಹೇಳುವುದು ವಾಡಿಕೆ. ೧೯೭೦ರ ಆ ಚಿತ್ರ ಮೊದಲು ಸೆನ್ಸಾರಿನವರ ತಡೆಗೆ ಸಿಕ್ಕಿ, ಆಮೇಲೆ ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಪಡೆಯಿತು. ಪಟ್ಟಾಭಿರಾಮ ರೆಡ್ಡಿಯವರಿಗಾಗಿ ನಮ್ಮ ಅಗ್ರಹಾರವನ್ನು ಕಪ್ಪು ಬಿಳುಪಿನಲ್ಲಿ ಸೆರೆಹಿಡಿದವರು ಟಾಮ್ ಕೋವನ್ ಎಂಬ ಆಸ್ಟ್ರೇಲಿಯದವರು. ಅದರ ಮರುವರ್ಷವೇ ಪುಟ್ಟಣ್ಣನವರು ಬಣ್ಣ, ಹಾಡು, ತಾರೆ ಎಲ್ಲವನ್ನೂ ಇಟ್ಟುಕೊಂಡು, ಮನೋರೋಗವನ್ನು ಕುರಿತ ಚಿತ್ರಕ್ಕೆ ತುಂಬಿದ ಗೃಹವನ್ನು ಸಂಪಾದಿಸಿದರು. ಹೊಸ ಅಲೆಯವರು ಅವರನ್ನು ಅತಿಭಾವುಕರೆಂದರು. ಪೇಟೆಯವರು ವಿಚಿತ್ರ ಮನುಷ್ಯರೆಂದರು. ಮನಶ್ಶಾಸ್ತ್ರ ಓದಿಕೊಂಡಿದ್ದ ತ್ರಿವೇಣಿಯವರು ೧೯೬೩ರಲ್ಲೇ ತೀರಿಕೊಂಡಿದ್ದರು. ತಮ್ಮ ಕಾವೇರಿಯನ್ನು ತೆರೆಯ ಮೇಲೆ ಅವರು ನೋಡಲಿಲ್ಲ. ನೋಡಿದ್ದರೆ ಏನೆನ್ನುತ್ತಿದ್ದರೋ. ಆದರೆ ಆವರೆಗೆ ಒಳಕೋಣೆಯಲ್ಲಿ ಪಿಸುಗುಟ್ಟುತ್ತಿದ್ದ ಒಂದು ಸಂಗತಿಯನ್ನು ಊರಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಒಟ್ಟಿಗೆ ಕುಳಿತು ನೋಡುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ. ಅದನ್ನು ಮರೆತು ಮಾತಾಡುವುದು ಕೃತಘ್ನತೆಯಾದೀತು.

ಇಷ್ಟಾದರೂ ಮೂರನೆಯ ಸಾಲಿನ ಹುಡುಗಿ ತಲೆ ತಗ್ಗಿಸಿದಳಲ್ಲ?

ಕನ್ನಡ ಮೇಷ್ಟರಾದ ನಮಗೆ ಇಂಥ ಕಡೆ ನೆನಪಾಗುವುದು ರಸಸಿದ್ಧಾಂತ. ನಾನು ವರ್ಷವರ್ಷವೂ ಅದನ್ನು ಪಾಠ ಹೇಳುತ್ತೇನೆ. ಲೋಕದ ಶೋಕ ಶೋಕವೇ. ಕಾವ್ಯದಲ್ಲಿ ಅದು ಸಾಧಾರಣೀಕರಣಗೊಂಡು ಕರುಣರಸವಾಗುತ್ತದೆ. ಈ ದುಃಖ ನನ್ನದು, ಅವನದು, ಶತ್ರುವಿನದು ಎಂಬ ಗಡಿಗಳು ಅಳಿದಾಗಲೇ ಆಸ್ವಾದ. ಆ ಆಸ್ವಾದಕ್ಕೆ ಅಡ್ಡ ಬರುವ ಏಳು ವಿಘ್ನಗಳನ್ನು ಅಭಿನವಗುಪ್ತ ಎಣಿಸುತ್ತಾನೆ. ಅವುಗಳಲ್ಲಿ ಒಂದು, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು. ಅದನ್ನು ಕಳೆಯುವುದಕ್ಕೆ ವಾದ್ಯ, ಗಾನ, ವಿಚಿತ್ರವಾದ ಮಂಟಪ ಮುಂತಾದ ಉಪಾಯಗಳಿವೆ ಎಂದೂ ಹೇಳುತ್ತಾನೆ. ಇಂದಿನ ಮಾತಿನಲ್ಲಿ ಇವೆಲ್ಲ ತಂತ್ರವೇ. ಮನೆಯ ಚಿಂತೆಯನ್ನು ಹೊತ್ತು ಬಂದವನನ್ನು ಅದರಿಂದ ಬಿಡಿಸಿ ಸಹೃದಯನನ್ನಾಗಿ ಮಾಡುವುದು ತಂತ್ರದ ಕೆಲಸ.

ಈ ಪಾಠದ ಪ್ರಕಾರ ನೋಡಿದರೆ ಆ ಹುಡುಗಿ ವಿಘ್ನಕ್ಕೆ ಒಳಗಾದವಳು. ತಾಯಿಯ ನೆನಪು ಅವಳ ಆಸ್ವಾದಕ್ಕೆ ಅಡ್ಡ ಬಂತು. ನಾನು ಕಣ್ಣೊರೆಸಿಕೊಂಡವನು, ಸಹೃದಯ. ಆದರೆ ಆ ಸಭಾಂಗಣದಲ್ಲಿ ಕಾವೇರಿಯನ್ನು ನಿಜವಾಗಿ ಬಲ್ಲವಳು ಆಕೆಯೊಬ್ಬಳೇ! ಬಲ್ಲವಳಿಗೆ ರಸವಿಲ್ಲ, ಅರಿಯದವನಿಗೆ ರಸ ಎಂದರೆ ಇದೆಂಥ ನ್ಯಾಯ? ಆಚಾರ್ಯರನ್ನು ತಿದ್ದುವಷ್ಟು ವಿದ್ಯೆ ನನಗಿಲ್ಲ. ಅವರು ಹೇಳುತ್ತಿದ್ದುದು ಆಸ್ವಾದ ಹೇಗೆ ನಡೆಯುತ್ತದೆ ಎಂಬುದನ್ನು. ಆಸ್ವಾದಿಸಿ ಎದ್ದ ಮೇಲೆ ನಮ್ಮ ಪಾಲಿಗೆ ಉಳಿಯುವ ಹೊಣೆ ಏನು ಎಂಬುದು ಅವರ ಮುಂದಿದ್ದ ಪ್ರಶ್ನೆಯಲ್ಲ. ಅದು ನಮ್ಮ ಮುಂದಿದೆ. ಕ್ಯಾಮೆರಾ ಬಂದ ಮೇಲಂತೂ ಹೆಚ್ಚಾಗಿಯೇ ಇದೆ. ಕವಿ ಕಣ್ಣೀರನ್ನು ವರ್ಣಿಸುತ್ತಾನೆ. ಕ್ಯಾಮೆರಾ ಕಣ್ಣೀರಿನ ಹನಿಯನ್ನು ಆಳೆತ್ತರಕ್ಕೆ ಹಿಗ್ಗಿಸಿ ತಂದು ಎದುರಿಗೆ ನಿಲ್ಲಿಸುತ್ತದೆ. ಎದುರಿಗಿರುವವರಿಗೆ ನಾವು ಕಾಣುವುದಿಲ್ಲ. ಒಬ್ಬರ ಅತ್ಯಂತ ದುರ್ಬಲವಾದ ಗಳಿಗೆಯನ್ನು ಕತ್ತಲೆಯಲ್ಲಿ ಕುಳಿತು ಕಣ್ಣು ಮಿಟುಕಿಸದೆ ನೋಡುವ ಅವಕಾಶ ಬೇರಾವ ಕಲೆಯೂ ನಮಗೆ ಇಷ್ಟು ಸುಲಭವಾಗಿ ಕೊಟ್ಟಿರಲಿಲ್ಲ.

ಈ ಮಾತನ್ನು ನನ್ನ ಸಹೋದ್ಯೋಗಿ ಮಿತ್ರರೊಬ್ಬರ ಮುಂದೆ ಇಟ್ಟೆ. ಅವರು ಇಂಗ್ಲಿಷ್ ಕಲಿಸುವವರು, ಚಲನಚಿತ್ರದ ಹುಚ್ಚಿರುವವರು. “ನಿಮ್ಮ ವಾದ ನಡೆದರೆ ಕಲೆಯ ಹಲ್ಲು ಕಿತ್ತಂತೆ. ನೊಂದವರು ನೊಂದಾರೆಂದು ಎಲ್ಲವನ್ನೂ ಹತ್ತಿಯಲ್ಲಿ ಸುತ್ತಿಡಬೇಕೆ? ಬೆಚ್ಚಿಬೀಳಿಸುವುದೇ ಹೊಸ ಕಲೆಯ ಧರ್ಮ” ಎಂದರು. ಬುನ್ಯುಯೆಲ್‌ನ ಆ ಕಿರುಚಿತ್ರದ ಮೊದಲಲ್ಲೇ ಕ್ಷೌರದ ಕತ್ತಿಯೊಂದು ಹೆಣ್ಣಿನ ಕಣ್ಣನ್ನು ಸೀಳುವಂತೆ ತೋರಿಸಿದ್ದಾರೆ, ಅದನ್ನು ಉದಾಹರಿಸಿದರು.

ಅವರ ಮಾತಿನಲ್ಲಿ ಹುರುಳಿದೆ. ಆದರೆ ಅದೇ ಉದಾಹರಣೆ ನನಗೊಂದು ದಾರಿ ತೋರಿಸಿತು. ಆ ಕತ್ತಿ ಯಾರ ಮೇಲೆ ಬಿದ್ದದ್ದು? ತೆರೆಯ ಮೇಲಿನ ಹೆಣ್ಣಿಗೆ ಹೆಸರಿಲ್ಲ, ಕಥೆಯಿಲ್ಲ. ಕತ್ತಿ ಗುರಿಯಿಟ್ಟಿರುವುದು ಹಾಯಾಗಿ ಕುಳಿತು ನೋಡುತ್ತಿರುವ ನಮ್ಮ ಕಣ್ಣಿಗೆ. ಇಷ್ಟು ದಿನ ನೋಡಿದಂತೆ ಇನ್ನು ನೋಡಬೇಡ ಎಂದು ಅದು ಹೇಳುತ್ತದೆ. ಘಟಕರ ಚಾಟಿಯೂ ಹಾಗೆಯೇ. ಅದು ಬೀಳುವುದು ನಮ್ಮ ಕಿವಿಯ ಮೇಲೆ. ಹಾಗಾದರೆ ಬೆಚ್ಚಿಬೀಳಿಸುವುದು ತಪ್ಪಲ್ಲ. ಯಾರನ್ನು ಬೆಚ್ಚಿಬೀಳಿಸುತ್ತಿದ್ದೇವೆ ಎಂಬುದನ್ನು ಮಾತ್ರ ಕೇಳಿಕೊಳ್ಳಬೇಕು. ನೋಡುವವನ ನೆಮ್ಮದಿಯನ್ನು ಕದಡುವ ತಂತ್ರ ಒಂದು ಜಾತಿ. ನೊಂದವರ ನೋವನ್ನು ಹಿಗ್ಗಿಸಿ ನೋಡುವವನಿಗೆ ರೋಮಾಂಚ ಕೊಡುವ ತಂತ್ರ ಇನ್ನೊಂದು ಜಾತಿ. ಇವೆರಡೂ ಹೊಸ ಅಲೆಯಲ್ಲೂ ಇವೆ, ಪೇಟೆಯ ಚಿತ್ರದಲ್ಲೂ ಇವೆ.

ಮೂರನೆಯದೂ ಒಂದು ಇದೆ. ಅದು ನಮ್ಮ ಜಾಣತನವನ್ನು ಸವರುವ ತಂತ್ರ. ನಾನು ಕಾಲೇಜು ಹುಡುಗನಾಗಿದ್ದಾಗ, ೧೯೯೮ರಲ್ಲಿ, ಉಪೇಂದ್ರರ ‘ಎ’ ಬಂತು. ಮೈಸೂರಿನಲ್ಲಿ ನೋಡಿದೆವು. ಕಥೆ ಹಿಂದುಮುಂದಾಗಿ ಓಡುತ್ತಿತ್ತು. ಅದು ಬುದ್ಧಿವಂತರ ಚಿತ್ರವೆಂದು ಹುಡುಗರಲ್ಲಿ ಮಾತು ಹಬ್ಬಿತ್ತು. ಅರ್ಥವಾಗಲಿಲ್ಲವೆಂದು ಹೇಳಿಕೊಳ್ಳಲು ನಾಚಿಕೆಯಾಗಿ ಇನ್ನೊಮ್ಮೆ ಹೋದೆವು. ಎಲ್ಲೂ ಕಾಣದ ಧೈರ್ಯ ಅದರಲ್ಲಿತ್ತೆಂಬುದನ್ನು ಇಂದೂ ಒಪ್ಪುತ್ತೇನೆ. ಹಾಡು ಹೊಡೆದಾಟಗಳಿಗೆ ಒಗ್ಗಿದ್ದ ಗೃಹಗಳಲ್ಲಿ ಪ್ರೇಕ್ಷಕನ ಕೈಗೆ ಕೆಲಸ ಕೊಟ್ಟ ಚಿತ್ರ ಅದು. ಆದರೆ ಅದರಿಂದ ನಾನು ಮನೆಗೆ ತಂದದ್ದು ಯಾರ ನೋವನ್ನೂ ಅಲ್ಲ, ಒಗಟು ಬಿಡಿಸಿದೆನೆಂಬ ನನ್ನ ಹೆಮ್ಮೆಯನ್ನು. ತಪ್ಪು ಚಿತ್ರದ್ದೋ ನನ್ನದೋ ಹೇಳಲಾರೆ. ಹೆಚ್ಚಿನಂಶ ನನ್ನದೇ ಇರಬೇಕು. ಪ್ರೇಕ್ಷಕರಿಂದಲೇ ಹಣ ಕೂಡಿಸಿ ಪವನ್ ಕುಮಾರ್ ೨೦೧೩ರಲ್ಲಿ ಮಾಡಿದ ‘ಲೂಸಿಯಾ’ ಬೇರೆ ಬಗೆಯದು. ಅಲ್ಲಿಯೂ ಒಗಟಿದೆ. ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಕುರ್ಚಿ ತೋರಿಸುವವನ ಬಾಳು ಬಣ್ಣದಲ್ಲಿ, ಪ್ರಸಿದ್ಧ ನಟನ ಬಾಳು ಕಪ್ಪು ಬಿಳುಪಿನಲ್ಲಿ. ಯಾವುದು ನಿಜ, ಯಾವುದು ಕನಸು ಎಂದು ಬಿಡಿಸಿಕೊಂಡ ಮೇಲೆ, ಬಣ್ಣವೆಲ್ಲ ಏಕೆ ಆ ಬಡವನ ಪಾಲಿಗೆ ಬಂತು ಎಂಬುದು ಮನಸ್ಸಿಗೆ ನಾಟುತ್ತದೆ. ಒಗಟಿನ ಉತ್ತರ ಒಂದು ಮರುಕದಲ್ಲಿ ಹೋಗಿ ಮುಟ್ಟುತ್ತದೆ. ತಂತ್ರ ಅಲ್ಲಿ ತನ್ನ ಕೂಲಿಯನ್ನು ತಾನೇ ದುಡಿದುಕೊಂಡಿದೆ.

ಆದರೆ ನನ್ನ ಪ್ರಶ್ನೆಗೆ ಹೆಚ್ಚು ಹತ್ತಿರವಾಗಿ ಉತ್ತರ ಕೊಟ್ಟ ಚಿತ್ರ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ್ದು, ೧೯೭೭ರದು. ವೇದಪಾಠಕ್ಕೆ ಬಂದ ನಾಣಿ ಎಂಬ ಚಿಕ್ಕ ಹುಡುಗ, ಗುರುಗಳ ಮಗಳು ವಿಧವೆ ಯಮುನಕ್ಕ. ಆಕೆ ಬಸುರಾಗುತ್ತಾಳೆ, ಬದುಕಿರುವಾಗಲೇ ತಂದೆ ಅವಳ ಶ್ರಾದ್ಧ ಮಾಡುತ್ತಾನೆ. ಇಂಥ ಕಥೆಯಲ್ಲಿ ಯಮುನೆಯ ಮನಸ್ಸಿನೊಳಕ್ಕೆ ನುಗ್ಗುವ ಆಸೆ ಯಾವ ನಿರ್ದೇಶಕನಿಗೂ ಆಗಬಹುದು. ಕಾಸರವಳ್ಳಿಯವರು ನುಗ್ಗುವುದಿಲ್ಲ. ನಾಣಿಗೆ ಕಂಡಷ್ಟನ್ನೇ ಬಹುಮಟ್ಟಿಗೆ ನಮಗೆ ಕಾಣಿಸುತ್ತಾರೆ. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಕತ್ತಲೆಯಲ್ಲಿ ಅವಳ ಹಿಂದೆ ಓಡುತ್ತಾನೆ, ಹೆದರುತ್ತಾನೆ, ಅವಳನ್ನು ಉಳಿಸಲಾರ. ಕೊನೆಗೆ ತಂದೆಯೊಡನೆ ಊರಿಗೆ ಹೊರಟಾಗ, ತಲೆ ಬೋಳಿಸಿಕೊಂಡು ಮರದಡಿಯಲ್ಲಿ ಕುಳಿತ ಯಮುನಕ್ಕನನ್ನು ಕಾಣುತ್ತಾನೆ. ಅವಳ ನೋವು ಏನೆಂದು ನಮಗೆ ಗೊತ್ತಾಯಿತೆಂಬ ಹೆಮ್ಮೆಗೆ ಅಲ್ಲಿ ಎಡೆಯೇ ಇಲ್ಲ. ನೋಡಿದೆ, ಏನೂ ಮಾಡಲಿಲ್ಲ ಎಂಬುದಷ್ಟೇ ಕೈಯಲ್ಲಿ ಉಳಿಯುತ್ತದೆ. ಆ ಚಿತ್ರ ೨೦೨೪ರಲ್ಲಿ ಜೀರ್ಣೋದ್ಧಾರಗೊಂಡು ವೆನಿಸ್ಸಿನ ಉತ್ಸವದಲ್ಲಿ ಮತ್ತೆ ಪ್ರದರ್ಶಿತವಾಯಿತು. ಅದು ಹಳತಾಗದಿರುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ. ಮುಖಕ್ಕೆ ನುಗ್ಗುವ ಕ್ಯಾಮೆರಾ ಐವತ್ತು ವರ್ಷಕ್ಕೆ ನಗೆಯಾಗುತ್ತದೆ. ಮುಖದ ಮುಂದೆ ತಡೆದು ನಿಂತ ಕ್ಯಾಮೆರಾವನ್ನು ಕಂಡು ಯಾರೂ ನಗಲಾರರು.

ಹಾಗೆಂದು ಒಳಗನ್ನು ತೋರಿಸುವ ತಂತ್ರವೆಲ್ಲ ಕೆಟ್ಟದ್ದು, ದೂರ ನಿಲ್ಲುವುದೆಲ್ಲ ಒಳ್ಳೆಯದು ಎಂದು ಸೂತ್ರ ಬರೆಯಲು ಹೊರಟರೆ ‘ಶರಪಂಜರ’ವೇ ನನ್ನನ್ನು ತಡೆಯುತ್ತದೆ. ಆ ಹುಡುಗಿ ಹೋಗುವ ಮುನ್ನ ಹೇಳಿದ ಎರಡನೆಯ ಮಾತು ಇದು: “ಆದರೆ ಸರ್, ವಾಪಸ್ ಬಂದ ಮೇಲೆ ಕಾವೇರಿ ಏನು ಮಾಡಿದರೂ ಎಲ್ಲರೂ ಅವಳನ್ನೇ ನೋಡ್ತಾರಲ್ಲ, ಅದು ಮಾತ್ರ ಸರಿಯಾಗಿದೆ.”

ಆಕೆ ತಲೆ ತಗ್ಗಿಸಿದ್ದನ್ನು ನಾನು ಕಂಡಿದ್ದೆ. ಮತ್ತೆ ಎತ್ತಿದ್ದನ್ನು ಕಂಡಿರಲಿಲ್ಲ. ಕಾವೇರಿಯ ಕೂಗನ್ನು ಹಿಗ್ಗಿಸಿದಾಗ ತಗ್ಗಿದ ತಲೆ, ಕಾವೇರಿಯನ್ನು ನೋಡುವವರ ಕಣ್ಣುಗಳನ್ನು ತೋರಿಸಿದಾಗ ಮೇಲೆದ್ದಿತ್ತು. ಒಂದೇ ಚಿತ್ರ, ಒಬ್ಬನೇ ನಿರ್ದೇಶಕ. ಪುಟ್ಟಣ್ಣನವರು ಎಲ್ಲಿ ರೋಗವನ್ನು ತೋರಿಸಹೊರಟರೋ ಅಲ್ಲಿ ಅಬ್ಬರಿಸಿದರು. ಎಲ್ಲಿ ಆರೋಗ್ಯವಂತರೆಂದುಕೊಂಡ ನಮ್ಮನ್ನು ತೋರಿಸಿದರೋ ಅಲ್ಲಿ ಗೆದ್ದರು. ಆ ಎರಡನೆಯ ಭಾಗದಲ್ಲಿ ಕಣ್ಣಿಗೆ ಹೊಡೆಯುವ ಚಮತ್ಕಾರ ಕಡಿಮೆ. ಒಂದು ಮನೆ, ಅದರಲ್ಲಿ ಗುಣವಾಗಿ ಬಂದ ಒಬ್ಬ ಹೆಂಗಸು, ಅವಳನ್ನು ಮಾತಾಡಿಸುವಾಗ ಒಂದು ಗಳಿಗೆ ತಡೆಯುವ ನಾಲಗೆಗಳು. ಅವರ ಶೀರ್ಷಿಕೆ ಹೇಳುವ ಬಾಣಗಳು ಇವೇ. ಇವನ್ನು ಬಿಡುವ ಬಿಲ್ಲು ನಮ್ಮ ಹುಬ್ಬಿನಲ್ಲಿದೆ.

ಈಗ ನನ್ನ ಮಾತು ಹೇಳಬೇಕು. ಇಷ್ಟು ಹೊತ್ತು ಚಿತ್ರಗಳ ಹಿಂದೆ ಅವಿತು ಕುಳಿತದ್ದಾಯಿತು.

ನನಗೆ ಹತ್ತು ವರ್ಷವಾಗಿದ್ದಾಗ ನಮ್ಮ ಚಿಕ್ಕಮ್ಮ, ಎಂದರೆ ಚಿಕ್ಕಪ್ಪನ ಹೆಂಡತಿ, ಕೆಲವು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದರು. ಏನು ಕಾಯಿಲೆ ಎಂದು ಮಕ್ಕಳಾದ ನಮಗೆ ಯಾರೂ ಹೇಳಲಿಲ್ಲ. ಅವರು ಬರುವ ಹಿಂದಿನ ದಿನ ಅಜ್ಜಿ ನನ್ನನ್ನು ಕರೆದು, ಅಡುಗೆಮನೆಯ ಈಳಿಗೆಮಣೆಯನ್ನು ಅಟ್ಟದ ಮೇಲೆ ಇಡಲು ಹೇಳಿದರು. ನಾನು ಏಣಿ ಹತ್ತಿ ಗೋಣಿಚೀಲಗಳ ಹಿಂದೆ ಇಟ್ಟೆ. ದೊಡ್ಡವರ ಗುಟ್ಟಿನಲ್ಲಿ ನನಗೂ ಪಾಲು ಸಿಕ್ಕಿತೆಂದು ಹಿಗ್ಗಿದೆ. ಚಿಕ್ಕಮ್ಮ ಬಂದ ಎರಡನೆಯ ದಿನವೋ ಮೂರನೆಯ ದಿನವೋ, ಒಂದು ಮೊರದ ತುಂಬ ಬೀನ್ಸ್ ಇಟ್ಟುಕೊಂಡು ಅಡುಗೆಮನೆಯಲ್ಲಿ ಕುಳಿತರು. ಅತ್ತಿತ್ತ ನೋಡಿದರು. ನಾನು ಬಾಗಿಲ ಬಳಿ ನಿಂತಿದ್ದೆ.

“ಈಳಿಗೆ ಎಲ್ಲಿ ಪುಟ್ಟಾ?”

“ಗೊತ್ತಿಲ್ಲ ಚಿಕ್ಕಮ್ಮ” ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಅಟ್ಟದ ಕಡೆ ನೋಡಿದರೋ ಇಲ್ಲವೋ, ನೋಡಿದರೆಂದು ನನಗೆ ಅನ್ನಿಸಿತು. ಏನೂ ಹೇಳಲಿಲ್ಲ. ಒಂದೊಂದೇ ಬೀನ್ಸನ್ನು ತೆಗೆದು ಬೆರಳಿನಲ್ಲೇ ಮುರಿಯತೊಡಗಿದರು. ಪಟ್, ಪಟ್ ಎಂದು ಸದ್ದು. ಮೊರ ಖಾಲಿಯಾಗುವವರೆಗೂ ಮುರಿದರು. ಮರುದಿನವೂ ಹಾಗೆಯೇ. ಈಳಿಗೆಯನ್ನು ಮತ್ತೆ ಕೇಳಲಿಲ್ಲ.

ನೆರೆಮನೆಯಲ್ಲಿ ದೂರದರ್ಶನದಲ್ಲಿ ನಾನು ಮೊದಲ ಸಲ ‘ಶರಪಂಜರ’ ನೋಡಿದ್ದು ಇದಾದ ಒಂದೆರಡು ವರ್ಷಕ್ಕೆ. ನಮ್ಮ ಮನೆಯವರೆಲ್ಲ ಬಂದಿದ್ದರು. ಅಜ್ಜಿ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಚಿಕ್ಕಮ್ಮ ಬಂದಿರಲಿಲ್ಲ, ಮನೆ ಕಾಯಲು ಅವರನ್ನು ಬಿಟ್ಟು ಬಂದಿದ್ದೆವು. ಕಾವೇರಿಯನ್ನು ಕಾಡಿದವರ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಅವರೆಲ್ಲ ಎದುರಿಗೆ ಸಿಕ್ಕಿದ್ದರೆ ಕಲ್ಲು ಹೊಡೆಯುತ್ತಿದ್ದೆ. ಅಟ್ಟದ ಮೇಲಿನ ಈಳಿಗೆ ಆ ರಾತ್ರಿ ನನ್ನ ನೆನಪಿಗೆ ಬರಲೇ ಇಲ್ಲ.

ಇದಕ್ಕಾಗಿ ಚಿತ್ರವನ್ನು ದೂರಲಾರೆ. ಚಿತ್ರ ತನ್ನ ಬೆರಳನ್ನು ನಮ್ಮ ಕಡೆಗೇ ಚಾಚಿತ್ತು. ನಾವು ಆ ಬೆರಳು ತೋರಿಸಿದ ಕಡೆ ನೋಡದೆ, ಕಲ್ಪನಾ ಅವರ ಕಣ್ಣೀರನ್ನು ನೋಡಿ, ಅದಕ್ಕೆ ನಮ್ಮದನ್ನೂ ಸೇರಿಸಿ ಲೆಕ್ಕ ಚುಕ್ತಾ ಮಾಡಿಬಿಟ್ಟೆವು. ಅತ್ತೆವೆಂದರೆ ತೀರಿತು ಎಂದುಕೊಂಡೆವು. ಇನ್ನೊಬ್ಬರ ದುಃಖವನ್ನು ನೋಡುವವನು ಅಲ್ಲೇ ಒಂದು ಸಾಲಕ್ಕೆ ಬೀಳುತ್ತಾನೆ. ಒಳ್ಳೆಯ ಚಿತ್ರ ಆ ಸಾಲವನ್ನು ನೆನಪಿಗೆ ತರುತ್ತದೆ; ಹೊಸ ತಂತ್ರಕ್ಕೆ ಬೆಲೆ ಬರುವುದೂ ಅದನ್ನು ನಾವು ಮರೆಯಲಾರದಂತೆ ಮಾಡಿದಾಗ. ತೀರಿಸುವ ಕೆಲಸವನ್ನು ಮಾತ್ರ ಯಾವ ತಂತ್ರವೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ನನ್ನ ಮಟ್ಟಿಗೆ ಈಗ ಒಂದು ಸಣ್ಣ ಒರೆಗಲ್ಲು ಸಿಕ್ಕಿದೆ. ಹೊಸ ಚಿತ್ರವಾಗಲಿ ಹಳೆಯದಾಗಲಿ, ತಂತ್ರವೊಂದು ನನ್ನನ್ನು ಬೆರಗುಗೊಳಿಸಿದಾಗ ಮೂರನೆಯ ಸಾಲಿನಲ್ಲಿ ಆ ಹುಡುಗಿ ಕುಳಿತಿದ್ದಾಳೆಂದು ಭಾವಿಸಿಕೊಳ್ಳುತ್ತೇನೆ. ಈಗ ಆಕೆ ತಲೆ ಎತ್ತಿದ್ದಾಳೆಯೋ, ತಗ್ಗಿಸಿದ್ದಾಳೆಯೋ? ಈ ಪರೀಕ್ಷೆಯಲ್ಲಿ ಪ್ರಶಸ್ತಿ ಪಡೆದ ಎಷ್ಟೋ ಚಿತ್ರಗಳು ನಪಾಸಾಗುತ್ತವೆ. ಹಾಡು ಕುಣಿತಗಳ ನಡುವೆ ಸಿಕ್ಕಿಕೊಂಡ ಯಾವುದೋ ಒಂದು ದೃಶ್ಯ ತೇರ್ಗಡೆಯಾಗುತ್ತದೆ. ಇದು ವಿಮರ್ಶೆಯ ಮಾನದಂಡವಾಗಲಾರದೆಂದು ನನ್ನ ಮಿತ್ರರು ಹೇಳುತ್ತಾರೆ. ಇರಬಹುದು. ವಿಮರ್ಶೆಗಾಗಿ ನಾನು ಅದನ್ನು ಹುಡುಕಲೂ ಇಲ್ಲ.

ಚಿಕ್ಕಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಹಿತ್ತಿಲ ಜಗಲಿಯಲ್ಲಿ ಈಳಿಗೆಮಣೆಯ ಮೇಲೆ ಕುಳಿತು ಸಿಹಿಗುಂಬಳ ಹೆಚ್ಚುತ್ತಿದ್ದರು. ನಾನು ಎದುರಿಗೆ ಕುಳಿತೆ. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತು ಗಂಟಲಲ್ಲೇ ನಿಂತಿತು. ಅವರು ತಲೆಯೆತ್ತದೆ, “ಆ ಪಾತ್ರೆ ಇತ್ಲಾಗೆ ಕೊಡಪ್ಪ” ಎಂದರು. ಕೊಟ್ಟೆ. ಹೋಳುಗಳನ್ನು ಅದಕ್ಕೆ ಹಾಕಿಕೊಂಡು ಒಳಗೆ ಹೋದರು. ಆ ಮಾತು ಇನ್ನೂ ನನ್ನಲ್ಲೇ ಬಾಕಿ ಇದೆ.